ಗದ್ದೆಯ ಗುಳ್ಳೆ, ಗ್ಲಾಸ್ಗೋದ ಮಾತು

ಹವಾಮಾನ ಸಮ್ಮೇಳನದಲ್ಲಿ ಒಂದು ದೇಶ ಆಡುವ ಮಾತು ಸಿದ್ಧವಾಗುವುದು ಆ ದೇಶದ ಪತ್ರಿಕೆ, ಸಂಸತ್ತು, ಕಾರ್ಯಕರ್ತರ ಕಿರುಹೊತ್ತಿಗೆಗಳಲ್ಲಿ. ಮೂವತ್ತು ವರ್ಷಗಳ ಭಾರತದ ಕಥೆ ಇದಕ್ಕೆ ಸಾಕ್ಷಿ. ಆದರೆ ಆ ಚರ್ಚೆಯಲ್ಲಿ ಒಂದು ದನಿ ಇನ್ನೂ ಕೇಳಿಸಿಲ್ಲ.

ನಾಟಿ ಮುಗಿದು ತಿಂಗಳಾದ ಗದ್ದೆಗೆ ಇಳಿದವರಿಗೆ ಗೊತ್ತು. ಪಾದ ಕೆಸರಿನಲ್ಲಿ ಹೂತುಕೊಳ್ಳುತ್ತಿದ್ದಂತೆ ಹಿಮ್ಮಡಿಯ ಸುತ್ತ ಗುಳುಗುಳು ಎಂದು ಗುಳ್ಳೆಗಳು ಏಳುತ್ತವೆ. ನಿಂತ ನೀರಿನಡಿ, ಗಾಳಿಯಾಡದ ಮಣ್ಣಿನಲ್ಲಿ, ಹಿಂದಿನ ಬೆಳೆಯ ಕೂಳೆಯನ್ನೂ ಹಸಿರೆಲೆ ಗೊಬ್ಬರವನ್ನೂ ಸೂಕ್ಷ್ಮಜೀವಿಗಳು ಕೊಳೆಸುವಾಗ ಹುಟ್ಟುವ ಮೀಥೇನ್ ಆ ಗುಳ್ಳೆಯಲ್ಲಿರುತ್ತದೆ. ಹೀಗೆ ಗುಳ್ಳೆಯಾಗಿ ಕಣ್ಣಿಗೆ ಬೀಳುವುದು ಸ್ವಲ್ಪ ಭಾಗ ಮಾತ್ರ. ಹೆಚ್ಚಿನ ಪಾಲು ಭತ್ತದ ಟೊಳ್ಳು ದಂಟಿನೊಳಗಿಂದಲೇ, ಎಳನೀರಿಗೆ ಹಾಕಿದ ಕೊಳವೆಯಲ್ಲಿ ಹಾದಂತೆ, ಸದ್ದಿಲ್ಲದೆ ಮೇಲೇರಿ ಗಾಳಿ ಸೇರುತ್ತದೆ.

ಈ ಗುಳ್ಳೆಯ ಸುದ್ದಿ ಗ್ಲಾಸ್ಗೋವರೆಗೂ ಹೋಗಿದೆ. 2021ರ ನವೆಂಬರ್‌ನಲ್ಲಿ ಆ ನಗರದಲ್ಲಿ ನಡೆದ ಹವಾಮಾನ ಸಮ್ಮೇಳನದಲ್ಲಿ ಅಮೆರಿಕ ಮತ್ತು ಐರೋಪ್ಯ ಒಕ್ಕೂಟ ಒಂದು ಜಾಗತಿಕ ಪ್ರತಿಜ್ಞೆಯನ್ನು ಮುಂದಿಟ್ಟವು: 2020ಕ್ಕೆ ಹೋಲಿಸಿದರೆ 2030ರ ಹೊತ್ತಿಗೆ ಜಗತ್ತಿನ ಮೀಥೇನ್ ಹೊರಸೂಸುವಿಕೆಯನ್ನು ಶೇ 30ರಷ್ಟು ಇಳಿಸಬೇಕು. ನೂರಕ್ಕೂ ಹೆಚ್ಚು ದೇಶಗಳು ಕೈಜೋಡಿಸಿದವು. ಭಾರತ ಸೇರಲಿಲ್ಲ. ನಮ್ಮಲ್ಲಿ ಮೀಥೇನ್ ಬರುವುದು ಮುಖ್ಯವಾಗಿ ಭತ್ತದ ಗದ್ದೆ ಮತ್ತು ದನಕರುಗಳಿಂದ, ಅದಕ್ಕೆ ಕೈಹಾಕಿದರೆ ಸಣ್ಣ ಹಿಡುವಳಿದಾರರ ಬದುಕಿಗೆ ಏಟು ಬೀಳುತ್ತದೆ ಎಂಬುದು ಸರ್ಕಾರ ಸಂಸತ್ತಿಗೂ ಕೊಟ್ಟ ಸಮಜಾಯಿಷಿ.

ಇಷ್ಟು ಗಟ್ಟಿಯಾದ ಉತ್ತರ ದೆಹಲಿಯ ಅಧಿಕಾರಿಗಳಿಗೆ ಅಷ್ಟು ಸಲೀಸಾಗಿ ಸಿಕ್ಕಿದ್ದು ಹೇಗೆ? ಮೂವತ್ತು ವರ್ಷ ಹಿಂದೆ ನಡೆದ ಒಂದು ಸಾರ್ವಜನಿಕ ಜಗಳ ಅದನ್ನು ಸಿದ್ಧಪಡಿಸಿ ಇಟ್ಟಿತ್ತು.

ನಾಲೆಯ ಲೆಕ್ಕ

1990ರಲ್ಲಿ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಹಸಿರುಮನೆ ಅನಿಲ ಹೊರಬಿಡುವ ದೇಶಗಳ ಪಟ್ಟಿ ಪ್ರಕಟಿಸಿತು. ಅಮೆರಿಕ, ಸೋವಿಯತ್ ಒಕ್ಕೂಟಗಳ ಬೆನ್ನಿಗೇ ಬ್ರೆಜಿಲ್, ಚೀನಾ, ಭಾರತದ ಹೆಸರುಗಳಿದ್ದವು. ಕಾರು, ಕಾರ್ಖಾನೆಗಳ ಹೊಗೆಯ ಜತೆಗೆ ಭತ್ತದ ಗದ್ದೆ, ಹಸುಗಳ ಮೀಥೇನನ್ನೂ ಕೂಡಿಸಿದ್ದರಿಂದ ಭಾರತ ಐದನೇ ಸ್ಥಾನಕ್ಕೇರಿತ್ತು. 1992ರ ರಿಯೊ ಹವಾಮಾನ ಒಪ್ಪಂದದ ಸಂಧಾನ ಶುರುವಾಗುವ ಹೊತ್ತದು. ಇಂಥ ಪಟ್ಟಿಯೇ ಹೊಣೆ ಹಂಚಿಕೆಯ ಆಧಾರವಾಗಿಬಿಟ್ಟರೆ ಮುಂದೆ ಅದನ್ನು ಅಳಿಸುವುದು ಕಷ್ಟವಿತ್ತು.

ದೆಹಲಿಯ ಸೆಂಟರ್ ಫಾರ್ ಸೈನ್ಸ್ ಆ್ಯಂಡ್ ಎನ್ವಿರಾನ್‌ಮೆಂಟ್‌ನ ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಒಂದು ಕಿರುಹೊತ್ತಿಗೆಯ ಮೂಲಕ ಉತ್ತರಿಸಿದರು. ಅಸಮಾನ ಜಗತ್ತಿನಲ್ಲಿ ಭೂತಾಪ ಏರಿಕೆ ಎಂಬುದು ಅದರ ಶೀರ್ಷಿಕೆಯ ಅರ್ಥ. ಪಟ್ಟಿಯ ಹಿಂದಿರುವುದು ಪರಿಸರದ ಹೆಸರಿನ ವಸಾಹತುಶಾಹಿ ಎಂದು ಅದು ನೇರವಾಗಿ ಆರೋಪಿಸಿತು.

ಅವರ ತಕರಾರನ್ನು ನಾಲೆಯ ಭಾಷೆಯಲ್ಲಿ ಹೇಳಿದರೆ ನಮಗೆ ಬೇಗ ತಿಳಿಯುತ್ತದೆ. ಸಮುದ್ರ, ಕಾಡುಗಳು ಪ್ರತಿವರ್ಷ ಇಂತಿಷ್ಟು ಇಂಗಾಲ ಹೀರಿಕೊಳ್ಳುತ್ತವೆ. ಅದು ಎಲ್ಲರಿಗೂ ಸೇರಿದ ಸೊತ್ತು, ನಾಲೆಯ ನೀರಿದ್ದ ಹಾಗೆ. ಪಟ್ಟಿ ಮಾಡಿದವರು ಆ ಹೀರುವ ಶಕ್ತಿಯನ್ನು, ಯಾರು ಎಷ್ಟು ಹೊಗೆ ಬಿಡುತ್ತಾರೋ ಅದೇ ಪ್ರಮಾಣದಲ್ಲಿ ಹಂಚಿದ್ದರು. ಅಂದರೆ ನಾಲೆಯ ಮೇಲ್ಭಾಗದಲ್ಲಿ ಹೆಚ್ಚು ನೀರು ಎಳೆಯುವವನಿಗೆ ಹೆಚ್ಚು ಹಕ್ಕು, ಕೊನೆಭಾಗದವನಿಗೆ ಈವರೆಗೆ ನೀರು ಮುಟ್ಟಿಲ್ಲವಾದ್ದರಿಂದ ಮುಂದೆಯೂ ಕಡಿಮೆ ಹಕ್ಕು. ಅಗರ್ವಾಲ್ ಮತ್ತು ನಾರಾಯಣ್ ತಲೆಗಿಷ್ಟು ಎಂದು ಹಂಚಿ ನೋಡಿದರು. ಹಾಗೆ ಹಂಚಿದಾಗ ಭಾರತ ತನ್ನ ಪಾಲಿನ ಒಳಗೇ ಇತ್ತು.

ಅವರು ಇನ್ನೊಂದು ಗೆರೆಯನ್ನೂ ಎಳೆದರು. ಹೊಟ್ಟೆಪಾಡಿನ ಹೊಗೆ ಬೇರೆ, ಶೋಕಿಯ ಹೊಗೆ ಬೇರೆ. ಅನ್ನ ಬೆಳೆಯುವ ಗದ್ದೆಯ ಮೀಥೇನನ್ನೂ ಮನೆಗೆ ಮೂರು ಕಾರಿಟ್ಟವರ ಇಂಗಾಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ಅದರ ತಿರುಳು.

ವಾದದ ಹಿಂದೆ ಅಳತೆಯೂ ಬಂತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 3.7 ಕೋಟಿ ಟನ್ ಮೀಥೇನ್ ಏಳುತ್ತದೆ ಎಂದು ಅಂದಾಜಿಸಿತ್ತು. ಆ ಲೆಕ್ಕ ನಿಂತಿದ್ದು ಅಮೆರಿಕ, ಯುರೋಪುಗಳ ಗದ್ದೆಗಳಲ್ಲಿ ತೆಗೆದ ಅಳತೆಯ ಮೇಲೆ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ವಿಜ್ಞಾನಿ ಎ.ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ದೇಶದ ನಾನಾ ಕಡೆ ಗದ್ದೆಗಳಿಗೇ ಇಳಿದು ಅಳೆಯಲಾಯಿತು. ಪೈರಿನ ಮೇಲೆ ಪಾರದರ್ಶಕ ಪೆಟ್ಟಿಗೆ ಮುಚ್ಚಿಟ್ಟು, ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಪರೀಕ್ಷಿಸುವ ಕ್ರಮ ಅದು. ಸಿಕ್ಕ ಉತ್ತರ ಸುಮಾರು 40 ಲಕ್ಷ ಟನ್, ಹೆಚ್ಚುಕಡಿಮೆ ಒಂಬತ್ತನೇ ಒಂದು ಭಾಗ. ನಮ್ಮ ಗದ್ದೆಗಳಲ್ಲಿ ಎಷ್ಟೋ ಮಳೆಯಾಶ್ರಿತ. ಬೆಳೆಯ ಉದ್ದಕ್ಕೂ ನೀರು ನಿಲ್ಲುವುದಿಲ್ಲ, ಮಣ್ಣಿನಲ್ಲಿ ಸಾವಯವ ಅಂಶವೂ ಕಡಿಮೆ.

ರಿಯೊ ಸಂಧಾನದಲ್ಲಿ ಚಂದ್ರಶೇಖರ ದಾಸಗುಪ್ತ ನೇತೃತ್ವದ ಭಾರತದ ತಂಡ ತಲಾವಾರು ತತ್ವವನ್ನು ಕರಡಿಗೇ ಸೇರಿಸಲು ಯತ್ನಿಸಿತು. ಅದು ಪೂರ್ತಿ ಕೈಗೂಡಲಿಲ್ಲ. ಆದರೂ ಮುಂದುವರಿಯುತ್ತಿರುವ ದೇಶಗಳ ತಲಾವಾರು ಹೊರಸೂಸುವಿಕೆ ಇನ್ನೂ ಕಡಿಮೆಯಿದೆ ಎಂಬ ಮಾತು 1992ರ ಒಪ್ಪಂದದ ಪೀಠಿಕೆಯಲ್ಲಿ ಉಳಿಯಿತು. ಹೊಣೆ ಎಲ್ಲರದೂ ಹೌದು, ಆದರೆ ಎಲ್ಲರ ಹೊಣೆಯ ತೂಕ ಒಂದೇ ಅಲ್ಲ ಎಂಬ ತತ್ವ ಅದರ ಮೂರನೇ ವಿಧಿಯಲ್ಲಿ ಸೇರಿತು. ಸರ್ಕಾರಕ್ಕೆ ತನ್ನದೇ ಯೋಚನೆಗಳಿದ್ದವು, ಒಂದು ಕಿರುಹೊತ್ತಿಗೆಯೇ ಎಲ್ಲವನ್ನೂ ಮಾಡಿತು ಎನ್ನಲಾಗದು. ಆದರೆ ಅಧಿಕಾರಿಗಳ ವಾದಕ್ಕೆ ಜನ ನೆನಪಿಟ್ಟುಕೊಳ್ಳುವಂಥ ಭಾಷೆ ಕೊಟ್ಟಿದ್ದು ಹೊರಗಿನ ಚರ್ಚೆ. ಅಂದಿನಿಂದ ಯಾವ ಪಕ್ಷದ ಸರ್ಕಾರ ಬಂದರೂ ಆ ಭಾಷೆಯನ್ನು ಕೆಳಗಿಳಿಸಿಲ್ಲ.

‘ಮನೆಯಲ್ಲಿ ಕೇಳಿ ಹೇಳ್ತೀವಿ’

ಸಂಬಂಧ ಕುದುರಿಸಲು ಹೋದವರು ಮಾತು ಬಿಗಿಯಾದಾಗ ‘ಮನೆಯಲ್ಲಿ ಹಿರಿಯರನ್ನು ಕೇಳಿ ಹೇಳ್ತೀವಿ’ ಎನ್ನುತ್ತಾರೆ. ಕೆಲವೊಮ್ಮೆ ಅದು ನಿಜವಾದ ಕಟ್ಟು, ಕೆಲವೊಮ್ಮೆ ಚೌಕಾಸಿಯ ಅಸ್ತ್ರ. ರಾಜಕೀಯ ವಿಜ್ಞಾನಿ ರಾಬರ್ಟ್ ಪಟ್ನಮ್ 1988ರಲ್ಲಿ ಬರೆದ ಒಂದು ಪ್ರಬಂಧ ಅಂತರರಾಷ್ಟ್ರೀಯ ಸಂಧಾನವನ್ನು ಹೀಗೆಯೇ ನೋಡಿತು. ಸಂಧಾನಕಾರನ ಮುಂದೆ ಎರಡು ಮೇಜುಗಳಿರುತ್ತವೆ. ಒಂದರ ಆಚೆ ಪರದೇಶದವರು, ಇನ್ನೊಂದರ ಸುತ್ತ ಸ್ವಂತ ದೇಶದ ಶಾಸಕರು, ಉದ್ಯಮಿಗಳು, ಕಾರ್ಯಕರ್ತರು. ಮೊದಲ ಮೇಜಿನಲ್ಲಿ ಒಪ್ಪಿಬಂದದ್ದು ಎರಡನೆಯದರಲ್ಲಿ ದಕ್ಕಬೇಕು. ಮನೆಯವರು ಬಿಗಿಯಾಗಿದ್ದಷ್ಟೂ ಹೊರಗೆ ಬಿಟ್ಟುಕೊಡದಿರಲು ನೆಪ ಸಿಗುತ್ತದೆ. ತೀರಾ ಬಿಗಿಯಾದರೆ ಒಪ್ಪಂದವೇ ಮುರಿದುಬೀಳುತ್ತದೆ.

ಅಮೆರಿಕದಲ್ಲಿ ಈ ಎರಡನೇ ಮೇಜಿಗೆ ಸಂವಿಧಾನದ ಬಲವೇ ಇದೆ. ಅಂತರರಾಷ್ಟ್ರೀಯ ಕರಾರಿಗೆ ಸೆನೆಟ್‌ನ ಮೂರನೇ ಎರಡರಷ್ಟು ಮತ ಬೇಕು. ಕ್ಯೋಟೊ ಹವಾಮಾನ ಸಮ್ಮೇಳನಕ್ಕೆ ಸುಮಾರು ನಾಲ್ಕು ತಿಂಗಳಿರುವಾಗ, 1997ರ ಜುಲೈ 25ರಂದು, ಕಲ್ಲಿದ್ದಲ ನಾಡು ವೆಸ್ಟ್ ವರ್ಜೀನಿಯಾದ ರಾಬರ್ಟ್ ಬರ್ಡ್ ಮತ್ತು ನೆಬ್ರಾಸ್ಕಾದ ಚಕ್ ಹೇಗೆಲ್ ಮಂಡಿಸಿದ ನಿರ್ಣಯ 95–0 ಮತಗಳಿಂದ ಪಾಸಾಯಿತು. ಮುಂದುವರಿಯುತ್ತಿರುವ ದೇಶಗಳನ್ನೂ ಅದೇ ಅವಧಿಯಲ್ಲಿ ಕಟ್ಟಿಹಾಕದ, ಅಥವಾ ಅಮೆರಿಕದ ಆರ್ಥಿಕತೆಗೆ ಗಂಭೀರ ಹಾನಿ ಮಾಡುವ ಕರಾರಿಗೆ ಸಹಿ ಹಾಕಬಾರದು ಎಂದಿತು ಅದು. ಕ್ಲಿಂಟನ್ ಸರ್ಕಾರ ಕ್ಯೋಟೊ ಒಪ್ಪಂದಕ್ಕೆ ಸಹಿಯನ್ನೇನೋ ಹಾಕಿತು. ಸೆನೆಟ್ ಮುಂದೆ ಇಡುವ ಧೈರ್ಯ ಮಾಡಲಿಲ್ಲ. 2001ರಲ್ಲಿ ಅಧ್ಯಕ್ಷ ಬುಷ್ ಅದನ್ನು ಕೈಬಿಟ್ಟರು.

ಆ ಭಯದ ನೆರಳು ಪ್ಯಾರಿಸ್ ಹವಾಮಾನ ಸಮ್ಮೇಳನದವರೆಗೂ ಬಂತು. 2015ರ ಡಿಸೆಂಬರ್ 12ರಂದು ಅಂತಿಮ ಕರಡು ಕೈಗೆ ಬಂದಾಗ ಅಮೆರಿಕದ ವಕೀಲರ ಕಣ್ಣು 4ನೇ ವಿಧಿಯ ಒಂದು ಕ್ರಿಯಾಪದದ ಮೇಲೆ ನಿಂತಿತು. ಶ್ರೀಮಂತ ದೇಶಗಳು ಒಟ್ಟಾರೆ ಕಡಿತದ ಗುರಿಯೊಂದಿಗೆ ಮುಂಚೂಣಿಯಲ್ಲಿರಬೇಕು ಎನ್ನುವಲ್ಲಿ ‘ಶಲ್’ ಎಂದು ಅಚ್ಚಾಗಿತ್ತು. ಕಾನೂನಿನ ಭಾಷೆಯಲ್ಲಿ ಅದು ಕಡ್ಡಾಯ. ಕಡ್ಡಾಯವಾದರೆ ಸೆನೆಟ್‌ಗೆ ಹೋಗಬೇಕು, ಸೆನೆಟ್‌ಗೆ ಹೋದರೆ ಸತ್ತಂತೆ. ಸಭೆ ತಡವಾಯಿತು, ಮೂಲೆಮೂಲೆಯಲ್ಲಿ ಗುಸುಗುಸು ನಡೆಯಿತು. ಕೊನೆಗೆ ತಾಂತ್ರಿಕ ತಿದ್ದುಪಡಿಗಳನ್ನು ಓದಿ ಹೇಳುವಾಗ ಆ ಪದವನ್ನು ‘ಶುಡ್’ ಎಂದು ಬದಲಿಸಲಾಯಿತು. ‘ಮಾಡತಕ್ಕದ್ದು’ ಹೋಗಿ ‘ಮಾಡುವುದು ಒಳ್ಳೆಯದು’ ಬಂತು. ವಾಷಿಂಗ್ಟನ್ನಿನ ಸದನದ ಗಣಿತ ಪ್ಯಾರಿಸ್‌ನ ವ್ಯಾಕರಣವನ್ನು ತಿದ್ದಿತು.

ಭಾರತದಲ್ಲಿ ಹಾಗಿಲ್ಲ. ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕುವುದೂ ಅನುಮೋದಿಸುವುದೂ ಕಾರ್ಯಾಂಗದ ಅಧಿಕಾರ. ಪ್ಯಾರಿಸ್ ಒಪ್ಪಂದವನ್ನು 2016ರ ಗಾಂಧಿ ಜಯಂತಿಯಂದು ಅನುಮೋದಿಸಲು ಸಂಸತ್ತಿನ ಮತ ಬೇಕಿರಲಿಲ್ಲ. ಹಾಗಾಗಿ ನಮ್ಮಲ್ಲಿ ಎರಡನೇ ಮೇಜು ಸದನದ ಮತಯಂತ್ರದಲ್ಲಿಲ್ಲ. ಅದು ಪತ್ರಿಕೆಯ ಮುಖಪುಟದಲ್ಲಿ, ವಿರೋಧ ಪಕ್ಷದ ಗದ್ದಲದಲ್ಲಿ, ನಿವೃತ್ತ ರಾಯಭಾರಿಗಳ ಲೇಖನಗಳಲ್ಲಿ, ಸ್ವಯಂಸೇವಾ ಸಂಸ್ಥೆಗಳ ವರದಿಗಳಲ್ಲಿ ಇರುತ್ತದೆ. ಅದು ಎಷ್ಟು ಬಲವಾಗಿ ಎಳೆಯಬಲ್ಲದು ಎಂದು ತಿಳಿಯಲು 2009ನೇ ಇಸವಿ ಸಾಕು.

ಒಂದು ವರ್ಷದ ಗದ್ದಲ

ಆ ವರ್ಷದ ಮೇ ತಿಂಗಳಲ್ಲಿ ಪರಿಸರ ಖಾತೆ ವಹಿಸಿಕೊಂಡ ಜೈರಾಂ ರಮೇಶ್ ಹುಟ್ಟಿದ್ದು ಚಿಕ್ಕಮಗಳೂರಿನಲ್ಲಿ. ಜುಲೈನಲ್ಲಿ ಇಟಲಿಯ ಲ’ಅಕ್ವಿಲಾದಲ್ಲಿ, ತಾಪಮಾನ ಏರಿಕೆ 2 ಡಿಗ್ರಿ ಮೀರಬಾರದು ಎಂಬ ವಿಜ್ಞಾನಿಗಳ ಅಭಿಪ್ರಾಯವನ್ನು ಮಾನ್ಯ ಮಾಡಿದ ದೊಡ್ಡ ದೇಶಗಳ ಘೋಷಣೆಗೆ ಭಾರತವೂ ಒಪ್ಪಿತು. ಮಿತಿ ಒಪ್ಪಿದ ಮೇಲೆ ಪಾಲು ಕೇಳದೆ ಬಿಡುತ್ತಾರೆಯೇ ಎಂದು ಇಲ್ಲಿ ಟೀಕೆ ಎದ್ದಿತು. ಕೆಲವೇ ದಿನಗಳಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಹಿಲರಿ ಕ್ಲಿಂಟನ್ ಗುರುಗ್ರಾಮಕ್ಕೆ ಬಂದಾಗ, ತಲಾವಾರು ಹೊರಸೂಸುವಿಕೆ ಇಷ್ಟು ಕಡಿಮೆಯಿರುವ ನಮ್ಮ ಮೇಲೆ ಒತ್ತಡ ಹೇರುವುದಕ್ಕೆ ಆಧಾರವೇ ಇಲ್ಲ ಎಂದು ರಮೇಶ್ ಎದುರಿಗೇ ಹೇಳಿದರು. ಮಾತು ಕೇಳಬೇಕಾದವರು ಕ್ಲಿಂಟನ್ ಒಬ್ಬರೇ ಅಲ್ಲ, ದೇಶದ ಟಿವಿ ಪ್ರೇಕ್ಷಕರೂ ಆಗಿದ್ದರು.

ಅಕ್ಟೋಬರ್‌ನಲ್ಲಿ ಗಾಳಿ ತಿರುಗಿತು. ಭಾರತ ತನ್ನ ಹಳೆಯ ನಿಲುವನ್ನು ಸಡಿಲಿಸುವುದು ಒಳಿತು ಎಂದು ರಮೇಶ್ ಪ್ರಧಾನಿ ಮನಮೋಹನ ಸಿಂಗ್ ಅವರಿಗೆ ಬರೆದ ಟಿಪ್ಪಣಿ ಪತ್ರಿಕೆಯಲ್ಲಿ ಸೋರಿಕೆಯಾಯಿತು. ಬಿಜೆಪಿ ಮತ್ತು ಎಡಪಕ್ಷಗಳು ಒಟ್ಟಿಗೇ ಮುಗಿಬಿದ್ದವು. ಅದು ಚರ್ಚೆಗೆಂದು ಬರೆದದ್ದು ಎಂದು ಸಚಿವರು ಸಮಜಾಯಿಷಿ ಕೊಡಬೇಕಾಯಿತು. ಡಿಸೆಂಬರ್ 3ರಂದು ಲೋಕಸಭೆಯಲ್ಲಿ ಅವರು ಒಂದು ಅಂಕಿ ಮುಂದಿಟ್ಟರು. ಜಿಡಿಪಿಯ ಪ್ರತಿ ರೂಪಾಯಿಗೆ ತಗಲುವ ಹೊರಸೂಸುವಿಕೆಯನ್ನು 2020ರ ಹೊತ್ತಿಗೆ, 2005ಕ್ಕೆ ಹೋಲಿಸಿ, ಶೇ 20ರಿಂದ 25ರಷ್ಟು ತಗ್ಗಿಸುತ್ತೇವೆ. ಜತೆಗೇ ಎರಡು ಲಕ್ಷ್ಮಣರೇಖೆಗಳನ್ನೂ ಎಳೆದರು: ಕಾನೂನಿನ ಕಟ್ಟುಪಾಡಿನ ಕಡಿತಕ್ಕೆ ಒಪ್ಪುವುದಿಲ್ಲ, ಇಂಥ ವರ್ಷದಿಂದ ಇಳಿಕೆ ಶುರು ಎಂಬ ಗಡುವಿಗೂ ಒಪ್ಪುವುದಿಲ್ಲ. ಬಾಗಿಲು ಒಂದಿಷ್ಟು ತೆರೆಯಲು ಹೊರಗಿನ ಒತ್ತಡ ಕಾರಣವಾದರೆ, ಪೂರ್ತಿ ತೆರೆಯದಂತೆ ಚಿಲಕ ಹಾಕಿಸಿದ್ದು ಒಳಗಿನ ಒತ್ತಡ. ಸಂಧಾನ ತಂಡದ ಹಿರಿಯರಾದ ದಾಸಗುಪ್ತ ಮತ್ತು ಪ್ರದೀಪ್ತೊ ಘೋಷ್ ಈ ಘೋಷಣೆಯ ಬಳಿಕ ಆ ತಿಂಗಳ ಕೋಪನ್‌ಹೇಗನ್ ಹವಾಮಾನ ಸಮ್ಮೇಳನಕ್ಕೆ ಹೊರಡಲು ಮೊದಲು ಹಿಂದೇಟು ಹಾಕಿದ್ದು ಸುದ್ದಿಯಾಯಿತು.

ಕೋಪನ್‌ಹೇಗನ್‌ನಲ್ಲಿ ಡಿಸೆಂಬರ್ 18ರ ಸಂಜೆ ಚೀನಾ, ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾ ನಾಯಕರು ಕೂತಿದ್ದ ಕೋಣೆಗೆ ಅಮೆರಿಕದ ಅಧ್ಯಕ್ಷ ಒಬಾಮ ನೇರವಾಗಿ ನುಗ್ಗಿದ ಕಥೆ ಎಲ್ಲರಿಗೂ ಗೊತ್ತು. ಅಲ್ಲಿನ ಎಳೆದಾಟದ ಒಂದು ವಿಷಯ ತಪಾಸಣೆ. ನಮ್ಮ ದುಡ್ಡಿನಲ್ಲಿ ನಾವು ಮಾಡುವ ಕೆಲಸವನ್ನು ಹೊರಗಿನವರು ಬಂದು ಪರೀಕ್ಷಿಸುವುದೇ? ಕೊನೆಗೆ ಅಂತರರಾಷ್ಟ್ರೀಯ ‘ಸಮಾಲೋಚನೆ ಮತ್ತು ವಿಶ್ಲೇಷಣೆ’ ಎಂಬ ಮೆತ್ತನೆಯ ಪದಗಳು ಬಂದವು, ರಾಷ್ಟ್ರದ ಸಾರ್ವಭೌಮತ್ವವನ್ನು ಗೌರವಿಸುವ ಷರತ್ತೂ ಅಂಟಿಕೊಂಡಿತು. ಆ ಷರತ್ತು ದೆಹಲಿಯ ಪಾಲಿಗೆ ಎಷ್ಟು ಅಗತ್ಯವಿತ್ತು ಎಂಬುದು ನಾಲ್ಕೇ ದಿನಗಳಲ್ಲಿ ರಾಜ್ಯಸಭೆಯಲ್ಲಿ ವಿರೋಧ ಪಕ್ಷದ ಅರುಣ್ ಜೇಟ್ಲಿ ಸಚಿವರನ್ನು ಪದಪದಕ್ಕೂ ಪ್ರಶ್ನಿಸಿದಾಗ ಗೊತ್ತಾಯಿತು.

ಮರುವರ್ಷ ಕ್ಯಾನ್‌ಕುನ್ ಸಮ್ಮೇಳನದಲ್ಲಿ, ಎಲ್ಲ ದೇಶಗಳೂ ಸೂಕ್ತ ಕಾನೂನು ಸ್ವರೂಪದಲ್ಲಿ ಬದ್ಧತೆಗೆ ಒಳಪಡಬೇಕು ಎಂದು ರಮೇಶ್ ಹೇಳಿದ್ದೇ ತಡ, ಇಲ್ಲಿ ಮತ್ತೆ ಬಿರುಗಾಳಿ. ಸಂಸದರಿಗೆ ಪತ್ರ ಬರೆದು ವಿವರಿಸಬೇಕಾಯಿತು. 2011ರಲ್ಲಿ ಖಾತೆ ಜಯಂತಿ ನಟರಾಜನ್ ಅವರ ಕೈಗೆ ಬಂತು, ದನಿಯೂ ಹಿಂದಿನ ಗಟ್ಟಿತನಕ್ಕೆ ಮರಳಿತು. ಡರ್ಬನ್ ಸಮ್ಮೇಳನ ನಿಗದಿತ ಅವಧಿ ಮೀರಿ ಭಾನುವಾರದ ನಸುಕಿಗೆ ಮುಟ್ಟಿದಾಗ, ಸಮಾನತೆಯನ್ನು ಬಿಟ್ಟು ಖಾಲಿ ಚೆಕ್‌ಗೆ ಸಹಿ ಹಾಕೆನ್ನುತ್ತೀರಾ ಎಂಬ ಧಾಟಿಯಲ್ಲಿ ಅವರು ಗುಡುಗಿದರು. ಸಭಾಂಗಣದ ನಡುವೆಯೇ ಐರೋಪ್ಯ ಒಕ್ಕೂಟದ ಕೋನಿ ಹೆಡೆಗಾರ್ಡ್ ಮತ್ತು ನಟರಾಜನ್ ಎದುರುಬದುರಾಗಿ ನಿಂತರು. ಸುತ್ತ ಹತ್ತಾರು ಪ್ರತಿನಿಧಿಗಳ ಗುಂಪು. ಬ್ರೆಜಿಲ್‌ನ ರಾಯಭಾರಿಯೊಬ್ಬರು ‘ಕಾನೂನಿನ ಬಲವುಳ್ಳ ಒಪ್ಪಿತ ಫಲಿತಾಂಶ’ ಎಂಬ ಪದಪುಂಜ ಸೂಚಿಸಿ ಗಂಟು ಬಿಡಿಸಿದರು. ಯುರೋಪಿನವರು ಊರಿಗೆ ಹೋಗಿ ‘ಕಾನೂನು’ ಎಂಬ ಪದ ತೋರಿಸಬಹುದಿತ್ತು, ನಮ್ಮವರು ‘ಒಪ್ಪಿತ’ ಎಂಬ ಪದ ತೋರಿಸಬಹುದಿತ್ತು. ಇಂಥ ಅಡ್ಡಾದಿಡ್ಡಿ ಪದಗುಚ್ಛಗಳನ್ನು ಕಂಡು ನಗುವವರಿದ್ದಾರೆ. ಎರಡು ಮನೆಗಳಲ್ಲಿ ಎರಡು ಅರ್ಥ ಕೊಡಬಲ್ಲ ಪದ ಸಿಗದಿದ್ದರೆ ಆ ಬೆಳಗ್ಗೆ ಯಾವ ಒಪ್ಪಂದವೂ ಆಗುತ್ತಿರಲಿಲ್ಲ.

ನಮ್ಮ ನಾಲೆಯ ಕೊನೆಭಾಗ

ಇಷ್ಟರಲ್ಲಿ ಒಂದು ವಿಚಿತ್ರ ಗಮನಿಸಿರಬಹುದು. ಇಷ್ಟು ವರ್ಷಗಳ ಗದ್ದಲವೆಲ್ಲ ಒಂದೇ ಪ್ರಶ್ನೆಯ ಸುತ್ತ: ಭಾರತಕ್ಕೆ ಎಷ್ಟು ಪಾಲು? ಪಾಲು ಸಿಕ್ಕ ಮೇಲೆ ಭಾರತದೊಳಗೆ ಯಾರಿಗೆ ಎಷ್ಟು ಎಂಬ ಪ್ರಶ್ನೆ ಆ ದನಿಯಲ್ಲಿ ಎಂದೂ ಏಳಲಿಲ್ಲ.

ಕೇಳಿದವರಿಲ್ಲ ಎಂದಲ್ಲ. 2007ರಲ್ಲಿ ಗ್ರೀನ್‌ಪೀಸ್ ಇಂಡಿಯಾ ಪ್ರಕಟಿಸಿದ ವರದಿಯ ಶೀರ್ಷಿಕೆಯೇ, ಬಡವರ ಬೆನ್ನ ಹಿಂದೆ ಅಡಗಿರುವುದು ಎಂಬ ಅರ್ಥದ್ದು. ದೇಶದ ತಲಾವಾರು ಸರಾಸರಿ ತಗ್ಗಿರುವುದೇ ವಿದ್ಯುತ್ತನ್ನು ಹೆಚ್ಚು ಕಾಣದ ಕೋಟಿಗಟ್ಟಲೆ ಜನರಿಂದ, ಅವರ ನೆರಳಿನಲ್ಲಿ ಉಳ್ಳವರ ಹೊಗೆ ಲೆಕ್ಕಕ್ಕೆ ಸಿಗುತ್ತಿಲ್ಲ ಎಂದಿತು ಅದು. ವರದಿ ಸ್ವಲ್ಪ ಸದ್ದು ಮಾಡಿತು, ಆದರೆ ಸಂಸತ್ತಿನಲ್ಲಿ ಅದಕ್ಕಾಗಿ ಯಾರೂ ಸಚಿವರ ಬೆವರಿಳಿಸಲಿಲ್ಲ. ಇಂದಿಗೂ ಭಾರತೀಯನ ಸರಾಸರಿ ಇಂಗಾಲದ ಡೈಆಕ್ಸೈಡ್ ವರ್ಷಕ್ಕೆ 2 ಟನ್ ಆಸುಪಾಸು, ಅಮೆರಿಕದವನದು 14ರ ಹತ್ತಿರ. ಈ ಅಂತರ ನಿಜ, ನಮ್ಮ ವಾದವೂ ನ್ಯಾಯ. ಆದರೆ ಸರಾಸರಿ ಎಂಬುದು ಯಾರ ಮನೆಯಲ್ಲೂ ವಾಸವಿಲ್ಲ. ಅಗರ್ವಾಲ್, ನಾರಾಯಣ್ ಎಳೆದ ಹೊಟ್ಟೆಪಾಡು–ಶೋಕಿಯ ಗೆರೆ ದೇಶದ ಗಡಿಗೆ ಬಂದು ನಿಂತುಬಿಟ್ಟಿದೆ.

ಚರ್ಚೆಯ ಜಾಗವೂ ಕಿರಿದಾಗಿದೆ. 2009ರಲ್ಲಿ ಶೇ 20–25ರ ಅಂಕಿ ಮೊದಲು ಲೋಕಸಭೆಗೆ ಬಂದು ಆಮೇಲೆ ಕೋಪನ್‌ಹೇಗನ್‌ಗೆ ಹೋಯಿತು. 2070ಕ್ಕೆ ನಿವ್ವಳ ಶೂನ್ಯ ಎಂಬ ಅಂಕಿಯನ್ನು ಪ್ರಧಾನಿ ಮೋದಿ 2021ರ ನವೆಂಬರ್ 1ರಂದು ಗ್ಲಾಸ್ಗೋದಲ್ಲಿ ಮೊದಲು ಹೇಳಿದರು, ಮನೆಯವರಿಗೆ ಅದು ಅಲ್ಲಿಂದ ಕೇಳಿಸಿತು. ಅದೇ ಸಮ್ಮೇಳನದ ಕೊನೆಯ ಗಳಿಗೆಯಲ್ಲಿ ಕಲ್ಲಿದ್ದಲನ್ನು ಹಂತ ಹಂತವಾಗಿ ‘ಕೈಬಿಡುವ’ ಮಾತನ್ನು ಹಂತ ಹಂತವಾಗಿ ‘ತಗ್ಗಿಸುವ’ ಮಾತಾಗಿ ಬದಲಿಸಲು ಸಚಿವ ಭೂಪೇಂದರ್ ಯಾದವ್ ಒತ್ತಾಯಿಸಿದರು. ಸಮ್ಮೇಳನದ ಅಧ್ಯಕ್ಷ ಅಲೋಕ್ ಶರ್ಮಾ ವೇದಿಕೆಯಲ್ಲೇ ಗದ್ಗದಿತರಾದರು. ಆ ಪದ ಅಮೆರಿಕ–ಚೀನಾ ಜಂಟಿ ಹೇಳಿಕೆಯಲ್ಲಿ ಮೂರು ದಿನ ಮೊದಲೇ ಇತ್ತೆಂಬುದನ್ನು ಭಾರತವನ್ನು ಬೈದವರು ಮರೆತರು. ನಮ್ಮ ವಿದ್ಯುತ್ತಿನಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಕಲ್ಲಿದ್ದಲಿನದು. ಜಾರ್ಖಂಡ್, ಛತ್ತೀಸಗಢ, ಒಡಿಶಾಗಳ ಗಣಿ ಊರುಗಳು ಬದುಕಿರುವುದೂ ಅದರಿಂದಲೇ. ಆ ಪದ ಬದಲಿಸುವುದಕ್ಕೆ ಕಾರಣವಿತ್ತು. ಆದರೆ ತಗ್ಗಿಸುವುದು ಯಾವಾಗ, ತಗ್ಗಿಸಿದಾಗ ಗಣಿ ಕಾರ್ಮಿಕನಿಗೆ ಏನು ಎಂದು ಊರೊಳಗೆ ಮಾತಾಡದೆ ಪದವನ್ನಷ್ಟೇ ಗೆದ್ದು ಬಂದೆವು.

ಕರ್ನಾಟಕದಲ್ಲಿ ಈ ಪ್ರಶ್ನೆಯ ಎರಡೂ ತುದಿಗಳಿವೆ. ಒಂದು ಕಲ್ಲಿದ್ದಲ ಗಣಿಯೂ ಇಲ್ಲದ ರಾಜ್ಯದಲ್ಲಿ, ರಾಯಚೂರಿನ ಶಕ್ತಿನಗರದ 1,720 ಮೆಗಾವಾಟ್ ಸ್ಥಾವರ ಹೊರಗಿನಿಂದ ಬರುವ ಕಲ್ಲಿದ್ದಲ ರೈಲುಗಳಿಗಾಗಿ ಕಾಯುತ್ತದೆ, ಹಾರುಬೂದಿಯನ್ನು ಸುತ್ತಲಿನ ಊರುಗಳು ಉಣ್ಣುತ್ತವೆ. ಇನ್ನೊಂದು ತುದಿ ಪಾವಗಡ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್. ಜಮೀನನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ದೇಶಕ್ಕೇ ಮಾದರಿ ಎನಿಸಿತು. ಬರದ ನಾಡಿನ ಹಿಡುವಳಿದಾರನಿಗೆ ಮಳೆ ಬಾರದಿದ್ದರೂ ಬಾಡಿಗೆ ಬರುತ್ತದೆ. ಆ ಹೊಲದಲ್ಲಿ ಕಡಲೆಕಾಯಿ ಕೀಳಲು ಹೋಗುತ್ತಿದ್ದ ಜಮೀನಿಲ್ಲದ ಕೂಲಿಯ ಹೆಸರು ಯಾವ ಗುತ್ತಿಗೆ ಪತ್ರದಲ್ಲೂ ಇಲ್ಲ. ಅಂತರರಾಷ್ಟ್ರೀಯ ವೇದಿಕೆಯಲ್ಲಿ ನಾವು ತೋರಿಸುವ ಸೌರಶಕ್ತಿಯ ಲೆಕ್ಕದಲ್ಲಿ ಪಾವಗಡದ ಮೆಗಾವಾಟ್ ಬರುತ್ತದೆ, ಆ ಕೂಲಿಯ ದಿನಗೂಲಿ ಬರುವುದಿಲ್ಲ.

ಮತ್ತೆ ಗದ್ದೆಗೆ ಬರೋಣ. ಗ್ಲಾಸ್ಗೋದಲ್ಲಿ ಭಾರತ ಭತ್ತದ ರೈತನ ಪರವಾಗಿ ಮಾತಾಡಿತು. ರೈತನನ್ನು ಕೇಳಿತ್ತೇ? ಕೇಳಿದ್ದರೆ ಉತ್ತರ ಇಷ್ಟು ಸರಳವಾಗಿ ‘ಬೇಡ’ ಎಂದು ಬರುತ್ತಿರಲಿಲ್ಲವೇನೋ. ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಆಗಾಗ ಆರಲು ಬಿಟ್ಟರೆ ಮಣ್ಣಿಗೆ ಗಾಳಿ ತಾಗಿ ಮೀಥೇನ್ ಇಳಿಯುತ್ತದೆ, ನೀರೂ ಉಳಿಯುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ನೀರು ಕಟ್ಟದೆ ಬೆಳೆಯುವ ಏರೋಬಿಕ್ ಭತ್ತದ ತಳಿಯನ್ನು ಹೊರತಂದು ಎಷ್ಟೋ ವರ್ಷವಾಯಿತು. ಕಳೆ ಹೆಚ್ಚುತ್ತದೆ, ಕಳೆ ಕೀಳುವ ಕೂಲಿ ಹೆಚ್ಚುತ್ತದೆ, ಬಿಟ್ಟ ನೀರು ಸರದಿಗೆ ಸರಿಯಾಗಿ ಮತ್ತೆ ಬರುತ್ತದೆಂಬ ನಂಬಿಕೆ ಇಲ್ಲ. ರೈತ ಹೇಳುವ ಅಡ್ಡಿಗಳು ಇವು. ಇವುಗಳಿಗೆ ದುಡ್ಡು ಮತ್ತು ಖಾತರಿ ಕೊಡಿ ಎಂದು ಶ್ರೀಮಂತ ದೇಶಗಳನ್ನು ಕೇಳಲು ಭಾರತಕ್ಕೆ ಅವಕಾಶವಿತ್ತು. ರೈತನ ಬಡತನವನ್ನು ಗುರಾಣಿಯಾಗಿ ಹಿಡಿದವರಿಗೆ ಅವನ ಬೇಡಿಕೆಯ ಪಟ್ಟಿ ಗೊತ್ತಿರಲಿಲ್ಲ.

ಆ ಪಟ್ಟಿ ಇರುವ ಜಾಗ ನಮಗೆ ಚೆನ್ನಾಗಿ ಗೊತ್ತು. ಭದ್ರಾ ನಾಲೆಗೆ ನೀರು ಬಿಡುವ ಮುನ್ನ ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ನೀರಾವರಿ ಸಲಹಾ ಸಮಿತಿ ಸಭೆ ಸೇರುತ್ತದೆ. ಎಷ್ಟು ದಿನ ನೀರು, ಎಷ್ಟು ದಿನ ಬಂದ್ ಎಂಬ ‘ಆನ್ ಆ್ಯಂಡ್ ಆಫ್’ ಲೆಕ್ಕಕ್ಕೆ ಅಲ್ಲಿ ಜಗಳವಾಗುತ್ತದೆ. ಮೇಲ್ಭಾಗದವರು ತೂಬು ಒಡೆದು ಪಂಪ್ ಇಟ್ಟಿದ್ದಾರೆ ಎಂದು ದಾವಣಗೆರೆ ಕಡೆಯ ಕೊನೆಭಾಗದ ರೈತರು ಕೂಗುತ್ತಾರೆ. ಮೀಥೇನ್ ಎಂಬ ಪದ ಆ ಸಭೆಯಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. ಆದರೆ ಗದ್ದೆ ಎಷ್ಟು ದಿನ ಮುಳುಗಿರಬೇಕು, ಎಷ್ಟು ದಿನ ಆರಬೇಕು ಎಂದು ತೀರ್ಮಾನವಾಗುವುದು ಅಲ್ಲಿಯೇ. ಮೊದಲು ಎಳೆದವನಿಗೇ ಹೆಚ್ಚು ಹಕ್ಕೇ ಎಂದು 1991ರಲ್ಲಿ ಭಾರತ ಜಗತ್ತನ್ನು ಕೇಳಿದ ಪ್ರಶ್ನೆಯನ್ನು ಕೊನೆಭಾಗದ ರೈತ ಪ್ರತಿ ಹಂಗಾಮಿನಲ್ಲೂ ಅಲ್ಲಿ ಎದ್ದು ನಿಂತು ಕೇಳುತ್ತಾನೆ. ದೆಹಲಿಯಿಂದ ಸಮ್ಮೇಳನಕ್ಕೆ ಹೊರಡುವ ತಂಡದಲ್ಲಿ ಒಬ್ಬರಾದರೂ ಹೊರಡುವ ಮುನ್ನ ಆ ಸಭೆಯ ಹಿಂದಿನ ಸಾಲಿನಲ್ಲಿ ಒಂದು ಮಧ್ಯಾಹ್ನ ಕೂತು ಬರಬೇಕು.